ಕೈ ಸರಿಯಾಗಿಯೇ ಇದೆ, ತಾಯಿಗಿಡ ಬದಲಿಸಿ

ಪ್ರಶ್ನೆ: ನಾನು ಶಿವಮೊಗ್ಗದವಳು, ಬ್ಯಾಂಕ್ ಕೆಲಸದಿಂದ ನಿವೃತ್ತಳಾಗಿದ್ದೇನೆ. ಕಾಂಪೌಂಡಿನಲ್ಲಿ ಅತ್ತೆಯವರು ನೆಟ್ಟ ಐದೆಸಳಿನ ಕೆಂಪು ದಾಸವಾಳವಿದೆ. ತಾರಸಿಯ ಕುಂಡಗಳಲ್ಲಿ ಬೆಂಗಳೂರಿನ ನರ್ಸರಿಯಿಂದ ತಂದ ಕೆಂಪು ಕಣ್ಣಿನ ಹಳದಿ ಹೈಬ್ರಿಡ್, ಪೀಚ್ ಬಣ್ಣದ ಒತ್ತೆಸಳಿನದು ಒಂದು, ಕೆಳಮುಖವಾಗಿ ತೂಗುವ ಸೀಳೆಸಳಿನ ದಾಸವಾಳ ಒಂದು ಇವೆ. ಮೊಮ್ಮಕ್ಕಳು ಬೇಸಿಗೆ ರಜೆಗೆ ಬಂದಾಗ ವಿಡಿಯೊ ನೋಡಿ ಪರಾಗಸ್ಪರ್ಶ ಮಾಡಲು ಶುರುಮಾಡಿದೆವು. ಮನೆಗೆಲಸ ಮುಗಿಸಿ ಸಂಜೆ ಐದರ ಮೇಲೆ ಮಾಡುತ್ತಿದ್ದೆವು. ಕೆಂಪಿಗೆ ಹಳದಿಯ ಪರಾಗ ಹಾಕಿದರೆ ನಾಲ್ಕೈದು ದಿನಕ್ಕೆ ತೊಟ್ಟು ಸಮೇತ ಉದುರುತ್ತದೆ. ಪಕ್ಕದ ಮನೆಯ ಕೆಂಪಿನ ಪರಾಗ ತಂದು ಹಾಕಿದರೂ ಅದೇ ಕಥೆ. ಜುಲೈಯಲ್ಲಿ ಮತ್ತೆ ಮಾಡಿದೆ, ಒಂದೂ ನಿಲ್ಲಲಿಲ್ಲ. ಹಿಂದಿನ ವರ್ಷ ಹಳದಿಯ ಮೇಲೆ ತೂಗು ದಾಸವಾಳದ ಪರಾಗ ಹಾಕಿದ್ದು ಮಾತ್ರ ಕಾಯಿ ಕಟ್ಟಿತ್ತು. ಅದರ ಒಂದು ಸಸಿ ಈಗ ಹೂ ಬಿಟ್ಟಿದೆ, ಆದರೆ ಸಾಧಾರಣ ಗುಲಾಬಿ ಬಣ್ಣ. ಕೇಸರಿ ಬಣ್ಣ ಬರುತ್ತದೆಂದು ಕಾದಿದ್ದೆ. ನನ್ನ ಕೈಗುಣ ಸರಿಯಿಲ್ಲವೇ? ಹೀಗೆ ಬೆರಕೆ ಮಾಡಿದರೆ ನಾಟಿ ಗಿಡ ಕೆಡುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ, ನಿಜವೇ? ಕಸಿ ಕಟ್ಟಿದರೆ ಎರಡು ಬಣ್ಣ ಬೆರೆತು ಹೂ ಬರುತ್ತದೆ ಎಂದು ನರ್ಸರಿಯವರೊಬ್ಬರು ಹೇಳಿದರು. ಇನ್ನೊಂದು ತೊಂದರೆ: ಬೆಳಗಿನ ಜಾವ ವಾಕಿಂಗ್ ಹೋಗುವವರು ದೇವರಿಗೆಂದು ಹೂ ಕಿತ್ತುಕೊಂಡು ಹೋಗುತ್ತಾರೆ, ದಾರ ಕಟ್ಟಿದ ಹೂವನ್ನೂ ಬಿಡುವುದಿಲ್ಲ. ದೇವರ ಹೆಸರು ಹೇಳಿದ ಮೇಲೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಒಳ್ಳೆಯ ಹೂ ಬಂದರೆ ಅದಕ್ಕೆ ನನ್ನ ತಾಯಿಯ ಹೆಸರು ಇಡಬಹುದೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉತ್ತರದ ಅರ್ಧ ಭಾಗ ನೀವು ಬರೆದ ತಿಂಗಳುಗಳಲ್ಲಿ ಮತ್ತು ಹೊತ್ತಿನಲ್ಲೇ ಇದೆ. ಏಪ್ರಿಲ್, ಮೇ, ಜುಲೈ. ಸಂಜೆ ಐದರ ಮೇಲೆ. ಇನ್ನರ್ಧ ಅತ್ತೆಯವರು ನೆಟ್ಟ ಆ ಕೆಂಪು ಗಿಡದಲ್ಲಿದೆ. ಕೈಗುಣದ ಮಾತನ್ನು ಪಕ್ಕಕ್ಕಿಡಿ. ಹಳದಿಯ ಮೇಲೆ ಕಾಯಿ ಕಟ್ಟಿಸಿ, ಬೀಜ ಮೊಳೆಸಿ, ಹೂ ನೋಡಿದವರ ಕೈಗೆ ದೋಷ ಹೇಳುವಂತಿಲ್ಲ.

ಕೆಂಪಿನಿಂದ ಶುರುಮಾಡುತ್ತೇನೆ, ಏಕೆಂದರೆ ಹವ್ಯಾಸಿಗಳಲ್ಲಿ ಬಹಳ ಮಂದಿ ಎಡವುವುದು ಅಲ್ಲೇ. ಕರ್ನಾಟಕದ ಮನೆಮನೆಯಲ್ಲಿರುವ ಐದೆಸಳಿನ ಕೆಂಪು ದಾಸವಾಳ ಬೀಜದಿಂದ ಹುಟ್ಟಿದ್ದಲ್ಲ. ಯಾರದೋ ಹಿತ್ತಲಿನಿಂದ ಕಡ್ಡಿ ಮುರಿದು ತಂದು ನೆಟ್ಟದ್ದು, ಅವರು ಇನ್ಯಾರಿಂದಲೋ ತಂದದ್ದು. ತಲೆಮಾರುಗಳಿಂದ ಹೀಗೆ ಕಡ್ಡಿಯಿಂದಲೇ ಬಂದ ಗಿಡಗಳೆಲ್ಲ ವಂಶದ ಲೆಕ್ಕದಲ್ಲಿ ಒಂದೇ ಗಿಡದ ತುಂಡುಗಳು. ಆದ್ದರಿಂದ ಪಕ್ಕದ ಮನೆಯ ಕೆಂಪಿನ ಪರಾಗವನ್ನು ನಿಮ್ಮ ಕೆಂಪಿಗೆ ಹಾಕಿದಾಗ ನೀವು ಎರಡು ಗಿಡಗಳನ್ನು ಕೂಡಿಸಲಿಲ್ಲ. ಬಹುಮಟ್ಟಿಗೆ ಒಂದೇ ಗಿಡದ ಪರಾಗವನ್ನು ಅದಕ್ಕೇ ಹಾಕಿದಿರಿ. ಅಷ್ಟು ಹೂ ಬಿಡುವ ಆ ಗಿಡ ತಾನಾಗಿ ಕಾಯಿ ಕಟ್ಟಿದ್ದನ್ನು ನೀವು ಎಂದಾದರೂ ನೋಡಿದ್ದೀರಾ? ನೋಡಿರಲಾರಿರಿ. ನಮ್ಮಲ್ಲಿ ಅದು ಕಾಯಿ ಕಟ್ಟುವುದೇ ಅಪರೂಪ. ಸೂರಕ್ಕಿಗಳು ದಿನವಿಡೀ ಬಂದು ಮಕರಂದ ಹೀರಿದರೂ ಕಟ್ಟದ ಕಾಯಿ ಸಂಜೆ ಐದಕ್ಕೆ ಕುಂಚ ಹಿಡಿದರೆ ಕಟ್ಟುವುದು ಕಷ್ಟ.

ಇದಕ್ಕೆ ಕಾರಣ ಆ ಗಿಡದ ಹುಟ್ಟಿನಲ್ಲಿದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ 1753ರಲ್ಲಿ ಹೈಬಿಸ್ಕಸ್ ರೋಸಾ-ಸೈನೆನ್ಸಿಸ್, ಅಂದರೆ ಚೀನಾದ ಗುಲಾಬಿ, ಎಂದು ಹೆಸರಿಟ್ಟ ಈ ಗಿಡ ಕಾಡಿನಲ್ಲಿ ಎಲ್ಲೂ ಸಿಕ್ಕಿಲ್ಲ. ಮನುಷ್ಯರು ಕೈಯಲ್ಲಿ ಹಿಡಿದು ಊರೂರು ತಿರುಗಿಸಿದ, ಮೂಲದಲ್ಲೇ ಬೆರಕೆಯಾದ ಗಿಡ ಇದು. ಆಮೇಲೆ ಅದಕ್ಕೆ ಇನ್ನಷ್ಟು ಬೆರಕೆ ಸೇರಿತು. 19ನೆಯ ಶತಮಾನದ ಆರಂಭದಲ್ಲಿ ಮಾರಿಷಸ್‌ನಲ್ಲಿ ಚಾರ್ಲ್ಸ್ ಟೆಲ್ಫೇರ್ ಇದನ್ನು ಅಲ್ಲಿನ ದ್ವೀಪದ ದಾಸವಾಳದೊಂದಿಗೆ ಕೂಡಿಸಿದ. 20ನೆಯ ಶತಮಾನದಲ್ಲಿ ಹವಾಯಿಯ ಜನ ತಮ್ಮ ಬಿಳಿ ಮತ್ತು ಕೆಂಪು ಕಾಡು ದಾಸವಾಳಗಳನ್ನು ಸೇರಿಸಿ ಸಾವಿರಾರು ಬಗೆ ಮಾಡಿದರು. ನಿಮ್ಮ ತೂಗು ದಾಸವಾಳವೂ ಬೇರೆಯದೇ ಪ್ರಭೇದ, ಪೂರ್ವ ಆಫ್ರಿಕಾದ್ದು. ಎಷ್ಟೋ ಹಳೆಯ ಹೈಬ್ರಿಡ್‌ಗಳ ವಂಶದಲ್ಲಿ ಅದೂ ಇದೆ. ಹೀಗೆ ಬೆರೆತು ಬೆರೆತು ಈ ಗಿಡಗಳ ವರ್ಣತಂತುಗಳ, ಅಂದರೆ ಜೀವಕೋಶದೊಳಗೆ ವಂಶದ ಗುಣ ಹೊತ್ತಿರುವ ಎಳೆಗಳ, ಲೆಕ್ಕ ಯದ್ವಾತದ್ವಾ ಆಗಿದೆ. ಮನುಷ್ಯರಲ್ಲಿ ಸಾಮಾನ್ಯವಾಗಿ 46. ದಾಸವಾಳದಲ್ಲಿ ಒಂದು ತಳಿಗೆ 36 ಇದ್ದರೆ ಇನ್ನೊಂದಕ್ಕೆ 140ಕ್ಕೂ ಮೇಲೆ. ಬೀಜ ಕಟ್ಟಬೇಕಾದರೆ ವರ್ಣತಂತುಗಳು ಜೋಡಿ ಜೋಡಿಯಾಗಿ ಸರಿಯಾಗಿ ಪಾಲಾಗಬೇಕು. ಲೆಕ್ಕ ಬೆಸವಾಗಿದ್ದರೆ ಅಥವಾ ಜೋಡಿ ಹೊಂದದಿದ್ದರೆ ಪರಾಗ ಟೊಳ್ಳಾಗುತ್ತದೆ, ಇಲ್ಲವೇ ಅಂಡ ಟೊಳ್ಳಾಗುತ್ತದೆ. ಹೂ ಮಾತ್ರ ಎಂದಿನಂತೆ ಅರಳುತ್ತದೆ, ಏಕೆಂದರೆ ಎಸಳಿಗೆ ಈ ಲೆಕ್ಕ ಬೇಕಿಲ್ಲ.

ಈಗ ಉದುರುವುದನ್ನು ಓದುವ ಬಗೆ. ಇದನ್ನು ಕಲಿತರೆ ಅರ್ಧ ತಳಿವಿಜ್ಞಾನ ಕಲಿತಂತೆ. ನಾಲ್ಕೈದು ದಿನದೊಳಗೆ ತೊಟ್ಟು ಹಳದಿಯಾಗಿ ಉದುರಿದರೆ ಗರ್ಭ ಕಟ್ಟಲೇ ಇಲ್ಲ ಎಂದರ್ಥ: ಪರಾಗ ಸತ್ತಿತ್ತು, ಅಥವಾ ಎರಡು ಗಿಡಗಳಿಗೆ ಹೊಂದಿಕೆಯಿಲ್ಲ, ಅಥವಾ ತಾಯಿ ಬಂಜೆ. ನಿಮ್ಮ ಕೆಂಪಿನ ಕಥೆ ಇದು. ಎಸಳು ಒಣಗಿ ಬಿದ್ದರೂ ತೊಟ್ಟು ಹಸಿರಾಗಿ ನಿಂತು, ಹಸಿರು ಬಟ್ಟಲಿನೊಳಗೆ ಪುಟ್ಟ ಕಾಯಿ ಊದಿ, ಎರಡು ಮೂರು ವಾರದ ಮೇಲೆ ಉದುರಿದರೆ ಕಥೆ ಬೇರೆ. ಗರ್ಭ ಕಟ್ಟಿತ್ತು, ಒಳಗಿನ ಭ್ರೂಣ ಬೆಳೆಯಲಾರದೆ ಸತ್ತಿತು, ಇಲ್ಲವೇ ಗಿಡಕ್ಕೆ ನೀರಿನ ಏರುಪೇರಾಗಿ ಅದು ಹೊರೆ ಇಳಿಸಿಕೊಂಡಿತು. ತಾರಸಿಯ ಸಣ್ಣ ಕುಂಡಗಳಲ್ಲಿ ಈ ಎರಡನೆಯದು ತುಂಬ ಸಾಮಾನ್ಯ. ಕಾಯಿ ಹೊತ್ತ ಕುಂಡವನ್ನು ಒಂದು ಮಧ್ಯಾಹ್ನ ಒಣಗಲು ಬಿಟ್ಟರೂ ಸಾಕು. ಇನ್ನು ಮೂರನೆಯ ಬಗೆ ಮನಸ್ಸಿಗೆ ಹೆಚ್ಚು ನೋವು ಕೊಡುವಂಥದು: ಕಾಯಿ ಎರಡೂವರೆ ತಿಂಗಳು ಚೆನ್ನಾಗಿ ನಿಂತು, ಕಂದಾಗಿ, ಬಿರಿದು, ಒಳಗೆ ಬರೀ ಜಳ್ಳು. ಅಂಥ ಜೋಡಿಯನ್ನು ಮತ್ತೆ ಒಂದೆರಡು ಸಲ ಪ್ರಯತ್ನಿಸಿ, ಆಗಲೂ ಜಳ್ಳಾದರೆ ಬಿಟ್ಟುಬಿಡಿ.

ಕಾಲ ಮತ್ತು ಹೊತ್ತಿಗೆ ಬರೋಣ. ಮಲೆನಾಡಿನ ಹೆಬ್ಬಾಗಿಲು ಎಂದು ಹೆಸರಾದರೂ ಶಿವಮೊಗ್ಗ ಪಟ್ಟಣದ ಏಪ್ರಿಲ್ ಮಧ್ಯಾಹ್ನ ಎಂಥದೆಂದು ನಿಮಗೆ ನಾನು ಹೇಳಬೇಕಿಲ್ಲ. ತಾರಸಿಯ ಮೇಲೆ ಅದು ಇನ್ನೂ ಹೆಚ್ಚು. ಉಷ್ಣತೆ 32, 33 ಡಿಗ್ರಿ ದಾಟಿದರೆ ಹೈಬ್ರಿಡ್ ದಾಸವಾಳದ ಪರಾಗದ ಕಸುವು ಬೇಗ ಇಳಿಯುತ್ತದೆ. ಜುಲೈಯಲ್ಲಿ ತೊಂದರೆ ನೀರಿನದು. ದಾಸವಾಳದ ಪರಾಗದ ಕಾಳುಗಳು ದೊಡ್ಡವು, ಕಣ್ಣು ಚೆನ್ನಾಗಿದ್ದವರಿಗೆ ಬರಿಗಣ್ಣಿಗೇ ಹಳದಿ ರವೆಯಾಗಿ ಬಿಡಿಬಿಡಿಯಾಗಿ ಕಾಣುತ್ತವೆ. ಮಳೆಹನಿ ತಾಗಿದರೆ ನೀರು ಕುಡಿದು ಒಡೆದುಹೋಗುತ್ತವೆ. ನಿಮ್ಮ ಊರಿಗೆ ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಸರಿಯಾದ ಕಾಲ. ಕಾಯಿ ಬಲಿಯಲು ಎರಡರಿಂದ ಮೂರು ತಿಂಗಳು ಬೇಕು. ನವೆಂಬರ್‌ನಲ್ಲಿ ಕೂಡಿಸಿದ್ದು ಬಿಸಿಲು ಏರುವ ಮೊದಲೇ ಕೈಗೆ ಸಿಗುತ್ತದೆ. ಮೊಮ್ಮಕ್ಕಳಿಗೆ ದಸರಾ ರಜೆಯಲ್ಲಿ ಬರಹೇಳಿ. ರಜೆಯ ಕೊನೆಕೊನೆಗೆ ಮಳೆ ಹಿಂದೆಗೆದಿದ್ದರೆ ಒಂದೆರಡು ಹೂವನ್ನಾದರೂ ಅವರ ಕೈಯಲ್ಲಿ ಮಾಡಿಸಬಹುದು.

ಹೊತ್ತು ಬೆಳಗ್ಗೆಯೇ ಆಗಬೇಕು. ಹೂ ನಸುಕಿನಲ್ಲಿ ಅರಳುತ್ತದೆ, ಬಿಸಿಲು ತಾಗಿದ ಮೇಲೆ, ಅಂದಾಜು ಎಂಟರಿಂದ ಹತ್ತರೊಳಗೆ, ಕೇಸರಗಳು, ಅಂದರೆ ಹೂವಿನ ನಡುಗಂಬದ ಮೇಲಿನ ಪರಾಗದ ಚೀಲಗಳು, ಬಿರಿದು ಪರಾಗ ಉದುರತೊಡಗುತ್ತದೆ. ಆಗಲೇ ಅದನ್ನು ತಾಯಿಹೂವಿನ ತುದಿಯ ಐದು ಗುಂಡುತಲೆಗಳಿಗೆ ಒತ್ತಿ ಹಚ್ಚಬೇಕು, ಐದಕ್ಕೂ. ಮಖಮಲ್ಲಿನಂತಿರುವ ಆ ತಲೆಗಳ ಮೇಲೆ ಪರಾಗ ಅಂಟಿ ನಿಂತದ್ದು ಕಾಣಬೇಕು. ಸಂಜೆ ಐದರ ಹೊತ್ತಿಗೆ ನಾಟಿ ಕೆಂಪಿನ ಹೂ ಮುದುಡಲು ಅಣಿಯಾಗಿರುತ್ತದೆ, ಪರಾಗ ಒಣಗಿ ಹಳತಾಗಿರುತ್ತದೆ. ಹಳದಿಯ ಮೇಲೆ ಹಿಂದಿನ ವರ್ಷ ಹೇಗೆ ಕಟ್ಟಿತು ಎಂದು ಕೇಳಬಹುದು. ಹೈಬ್ರಿಡ್‌ಗಳ ಹೂ ದಪ್ಪ, ಕೆಲವು ಎರಡು ದಿನವೂ ನಿಲ್ಲುತ್ತವೆ. ನಿಮ್ಮ ಹಳದಿ ಒಳ್ಳೆಯ ತಾಯಿಗಿಡವೂ ಹೌದು ಎಂದು ತೋರುತ್ತದೆ. ಒಂದು ಗಿಡ ಕೆಟ್ಟ ಹೊತ್ತಿನಲ್ಲೂ ಕಾಯಿ ಕಟ್ಟಿದೆ ಎಂದರೆ ಅದನ್ನು ಬಿಡಬೇಡಿ.

ತಾಯಿ ಯಾರು, ತಂದೆ ಯಾರು ಎಂಬುದು ದಾಸವಾಳದಲ್ಲಿ ಬಹಳ ಮುಖ್ಯ. ಒಂದರ ಪರಾಗ ಇನ್ನೊಂದರ ಮೇಲೆ ಕೆಲಸ ಮಾಡದಿದ್ದರೂ ತಿರುಗಿಸಿ ಹಾಕಿದರೆ ಮಾಡಬಹುದು. ಕೆಂಪು ತಾಯಿಯಾಗಿ ಸೋತರೂ ಅದರ ಪರಾಗ ಕೆಲವೊಮ್ಮೆ ಕೆಲಸಕ್ಕೆ ಬರುತ್ತದೆ. ಅತ್ತೆಯವರ ಗಿಡದ ವಂಶವನ್ನು ಮುಂದುವರಿಸುವ ಆಸೆಯಿದ್ದರೆ ಕೆಂಪಿನ ಪರಾಗವನ್ನು ಹಳದಿಗೆ ಹಾಕಿ. ಪೀಚ್ ಬಣ್ಣದ ಒತ್ತೆಸಳಿನದರಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುವುದರಿಂದ ಪರಾಗ ಕಡಿಮೆ, ಹುಡುಕಿದರೆ ಎಸಳಿನ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಚೀಲ ಸಿಗುತ್ತದೆ. ಅಷ್ಟೇ ಸಾಕು. ತಾಯಿಯಾಗಿ ಅದನ್ನು ನಂಬಬೇಡಿ.

ಹಿಂದಿನ ವರ್ಷದ ಸಸಿಗಳ ಬಗ್ಗೆ ಇನ್ನೊಂದು ಅನುಮಾನ. ಹಳದಿ ಹೂವಿನದೇ ಪರಾಗ ಅದರ ತಲೆಗೆ ಮೊದಲೇ ತಾಗಿರಲಿಲ್ಲ ಎಂದು ಹೇಗೆ ಗೊತ್ತು? ಖಚಿತವಾಗಬೇಕಾದರೆ ಬೆಳಗ್ಗೆ ಬೇಗ, ಕೇಸರ ಬಿರಿಯುವ ಮೊದಲೇ, ಹುಬ್ಬು ಕತ್ತರಿಸುವ ಸಣ್ಣ ಕತ್ತರಿಯಿಂದ ನಡುಗಂಬದ ಕೇಸರಗಳನ್ನು ಸವರಿ ತೆಗೆಯಿರಿ. ದಾರದ ಜೊತೆ ಚೀಟಿ ಕಟ್ಟಿ ತಾಯಿಯ ಹೆಸರು ಮೊದಲು, ಗುಣಿಸು ಚಿಹ್ನೆ, ತಂದೆಯ ಹೆಸರು ಆಮೇಲೆ, ಕೆಳಗೆ ತಾರೀಕು ಬರೆಯಿರಿ. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಎರಡು ಮಳೆಗೆ ಹೋಗುತ್ತದೆ.

ಬಣ್ಣದ ನಿರಾಸೆಗೆ ಬರುತ್ತೇನೆ. ಹಳದಿ, ಕೆಂಪು ಸೇರಿ ಕೇಸರಿ ಎನ್ನುವುದು ಬಣ್ಣದ ಪೆಟ್ಟಿಗೆಯ ಲೆಕ್ಕ. ಹೂವಿನಲ್ಲಿ ಹಳದಿ ಬರುವುದು ಒಂದು ದಾರಿಯಿಂದ, ಕ್ಯಾರೆಟ್ಟಿನಲ್ಲಿರುವ ಬಗೆಯ ಕೆರೋಟಿನಾಯ್ಡ್ ಎಂಬ ವಸ್ತುಗಳಿಂದ; ಕೆಂಪು ಗುಲಾಬಿ ನೇರಳೆಗಳು ಬರುವುದು ಇನ್ನೊಂದು ದಾರಿಯಿಂದ, ಜೀವಕೋಶದ ರಸದಲ್ಲಿ ಕರಗಿರುವ ಆಂಥೋಸಯನಿನ್‌ಗಳಿಂದ. ಎರಡೂ ಒಂದೇ ಎಸಳಿನಲ್ಲಿ ಹದವಾಗಿ ಬಿದ್ದಾಗ ನಮ್ಮ ಕಣ್ಣಿಗೆ ಕೇಸರಿ ಕಾಣುತ್ತದೆ. ಒಂದು ದಾರಿ ಮುಚ್ಚಿದರೆ ಬರೀ ಗುಲಾಬಿ. ನಿಮಗೆ ಸಿಕ್ಕಿದ್ದು ಅದೇ. ಅದರಲ್ಲೂ ಈ ಗಿಡಗಳಲ್ಲಿ ಒಂದೊಂದು ಗುಣಕ್ಕೂ ಎರಡರ ಬದಲು ನಾಲ್ಕು, ಆರು, ಕೆಲವೊಮ್ಮೆ ಇನ್ನೂ ಹೆಚ್ಚು ಪ್ರತಿಗಳಿರುತ್ತವೆ. ಐದಾರು ಕಟ್ಟು ಇಸ್ಪೀಟನ್ನು ಒಟ್ಟಿಗೆ ಕಲಸಿ ಹಂಚಿದ ಹಾಗೆ, ಯಾವ ಸಸಿಯ ಕೈಗೆ ಏನು ಬೀಳುತ್ತದೆಂದು ಹೇಳಲಾಗದು. ಒಂದೇ ಕಾಯಿಯ ಬೀಜಗಳಲ್ಲಿ ಒಂದು ಗುಲಾಬಿ, ಒಂದು ಮಾಸಲು ಹಳದಿ, ಒಂದು ತಾಯಿಗಿಂತ ದೊಡ್ಡ ಕಣ್ಣಿನದು ಬರಬಹುದು. ನಿಮ್ಮಲ್ಲಿ ಉಳಿದ ಸಸಿಗಳಿದ್ದರೆ ಅವು ಹೂ ಬಿಡುವವರೆಗೆ ಕಾಯಿರಿ. ಬೀಜದಿಂದ ಹೂವಿಗೆ ಒಂಬತ್ತು ತಿಂಗಳಿಂದ ಎರಡು ವರ್ಷ ಹಿಡಿಯುತ್ತದೆ.

ಅರಳಿರುವ ಗುಲಾಬಿಯನ್ನು ಕೂಡ ಮೊದಲ ಹೂ ನೋಡಿ ತೀರ್ಮಾನಿಸಬೇಡಿ. ಎಳೆ ಗಿಡದ ಮೊದಲ ಹೂಗಳು ಸಣ್ಣವು, ಪೇಲವ. ಬೇಸಿಗೆಯಲ್ಲಿ ಮಾಸಲಾಗಿದ್ದದ್ದು ಡಿಸೆಂಬರ್‌ನ ಚಳಿಗೆ ಗಾಢವಾಗಿ, ಅಂಚಿನಲ್ಲಿ ಬೇರೆ ಬಣ್ಣ ತೋರಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಉಷ್ಣತೆ ಹೆಚ್ಚಾದರೆ ಆಂಥೋಸಯನಿನ್ ಕಡಿಮೆಯಾಗುತ್ತದೆ. ಒಂದು ವರ್ಷ ನೋಡಿ. ಆಮೇಲೂ ಸಾಧಾರಣವೇ ಎನಿಸಿದರೆ, ಬೇರು ಗಟ್ಟಿಯಾಗಿದ್ದರೆ ಅದನ್ನೇ ಕಸಿಯ ಕೆಳಗಿನ ಗಿಡವಾಗಿ ಬಳಸಿ, ಇಲ್ಲವೇ ಕಾಯಿ ಕಟ್ಟುತ್ತದೆಯೇ ಎಂದು ಪರೀಕ್ಷಿಸಿ. ಸಾಧಾರಣ ಹೂವಿನ, ಸುಲಭವಾಗಿ ಕಾಯಿ ಕಟ್ಟುವ ಗಿಡ ತಳಿ ಮಾಡುವವರಿಗೆ ಚೆಂದದ ಬಂಜೆ ಗಿಡಕ್ಕಿಂತ ಬೆಲೆಯುಳ್ಳದ್ದು. ಹೆಸರಾಂತ ತಳಿಗಾರರೂ ಬೆಳೆಸಿದ ಸಸಿಗಳಲ್ಲಿ ಬಹುಪಾಲನ್ನು ಕಿತ್ತೆಸೆಯುತ್ತಾರೆ. ಎಸೆಯಲು ಮನಸ್ಸು ಬಾರದವರಿಗೆ ಈ ಹವ್ಯಾಸದಲ್ಲಿ ಮನೆಯೇ ಸಾಲುವುದಿಲ್ಲ.

ನಾಟಿ ಗಿಡ ಕೆಡುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ. ಪರಾಗದ ಗುಣ ಸೇರುವುದು ಬೀಜಕ್ಕೆ, ಗಿಡಕ್ಕಲ್ಲ. ನಿಮ್ಮ ಕೆಂಪಿಗೆ ಲೋಕದ ಎಲ್ಲ ಬಣ್ಣದ ಪರಾಗ ಹಾಕಿದರೂ ನಾಳೆ ಅದರ ಕೊಂಬೆಯಲ್ಲಿ ಅರಳುವುದು ಕೆಂಪೇ. ಕಸಿಯ ಮಾತೂ ಹಾಗೆಯೇ. ಕಸಿ ಕಟ್ಟಿದರೆ ಮೇಲಿನ ಕಡ್ಡಿ ಮೇಲಿನದೇ ಹೂ ಕೊಡುತ್ತದೆ, ಕೆಳಗಿನ ಗಿಡ ಬೇರು ಕೊಡುತ್ತದೆ. ಒಂದೇ ಗಿಡದ ಎರಡು ಕೊಂಬೆಗೆ ಎರಡು ಬಣ್ಣ ಕಸಿ ಕಟ್ಟಿ ಒಂದರಲ್ಲಿ ಹಳದಿ, ಇನ್ನೊಂದರಲ್ಲಿ ಗುಲಾಬಿ ಅರಳಿಸಬಹುದು; ಒಂದೇ ಎಸಳಿನಲ್ಲಿ ಅವು ಬೆರೆಯುವುದಿಲ್ಲ. ನರ್ಸರಿಯವರು ಬಹುಶಃ ಅದನ್ನೇ ಸ್ವಲ್ಪ ಹಿಗ್ಗಿಸಿ ಹೇಳಿರಬೇಕು. ಹೈಬ್ರಿಡ್‌ಗಳಿಗೆ ಕಸಿ ಬೇಕಾಗುವುದು ಬೇರೆ ಕಾರಣಕ್ಕೆ: ತಮ್ಮದೇ ಬೇರಿನ ಮೇಲೆ ಅವುಗಳಲ್ಲಿ ಹಲವು ಸೊರಗುತ್ತವೆ, ಬೇರು ಕೊಳೆತು ಸಾಯುತ್ತವೆ. ಅತ್ತೆಯವರ ಕೆಂಪು ಇಲ್ಲಿ ನಿಮಗೆ ಚಿನ್ನದಂಥ ಆಸ್ತಿ. ಅದರ ಕಡ್ಡಿಗಳನ್ನು ಬೇರು ಬಿಡಿಸಿ ಅವುಗಳ ಮೇಲೆ ನಿಮ್ಮ ಹೊಸ ಸಸಿಗಳನ್ನು ಕಸಿ ಕಟ್ಟಿ. ಕತ್ತರಿ, ಬ್ಲೇಡುಗಳನ್ನು ಮಾತ್ರ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಎಲೆಯಲ್ಲಿ ಹಳದಿ ಉಂಗುರ ಮೂಡಿಸುವ ನಂಜುರೋಗ ದಾಸವಾಳದಲ್ಲಿ ಹರಡುವುದು ಹೀಗೆಯೇ.

ಕೇಳದ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನೀವು ಖಂಡಿತ ಕೇಳುತ್ತೀರಿ. ಬೆಂಡೆ, ಹತ್ತಿ, ಪುಂಡಿ, ಬೆಳಗ್ಗೆ ಬಿಳಿಯಾಗಿದ್ದು ಸಂಜೆಗೆ ಗುಲಾಬಿಯಾಗುವ ದಾಸವಾಳ, ಇವೆಲ್ಲ ನೆಂಟರೇ. ಹೂ ನೋಡಿದರೆ ಗೊತ್ತಾಗುತ್ತದೆ. ಆದರೆ ದೂರದ ನೆಂಟರು, ನಿಮ್ಮ ತಾರಸಿಯ ಗಿಡಗಳೊಂದಿಗೆ ಕೂಡುವುದಿಲ್ಲ. ಆನ್‌ಲೈನ್‌ನಲ್ಲಿ ಮಾರುವ ಕಡುನೀಲಿ, ಕಾಮನಬಿಲ್ಲಿನ ಬಣ್ಣದ ದಾಸವಾಳದ ಬೀಜಗಳಿಗೆ ದುಡ್ಡು ಹಾಕಬೇಡಿ. ಬೀಜದಿಂದ ತಳಿ ಹಾಗೆಯೇ ಬರುವುದಿಲ್ಲ ಎಂದು ನಿಮಗೆ ಈಗ ಗೊತ್ತಿದೆ. ಚಿತ್ರದಲ್ಲಿರುವ ಹೂ ಆ ಪೊಟ್ಟಣದಲ್ಲಿ ಇರಲು ಸಾಧ್ಯವೇ ಇಲ್ಲ. ವಿದೇಶದಲ್ಲಿರುವ ನೆಂಟರು ಕಡ್ಡಿ ತರುತ್ತೇನೆ ಎಂದರೂ ಬೇಡವೆನ್ನಿ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಅದಕ್ಕೆ ಆಮದು ಪರವಾನಗಿ, ರೋಗರಹಿತ ಎಂಬ ಪ್ರಮಾಣಪತ್ರ ಬೇಕು. ಇದು ಬರೀ ಕಾಗದದ ಗೋಜಲಲ್ಲ: ಪರಂಗಿಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ ದಕ್ಷಿಣ ಭಾರತದ ಪರಂಗಿ, ಹಿಪ್ಪುನೇರಳೆಗಳ ಜೊತೆ ದಾಸವಾಳವನ್ನೂ ಹಿಡಿದದ್ದು ನೆನಪಿರಬಹುದು. ಅದರ ಶತ್ರುಕೀಟವನ್ನು ಹೊರದೇಶದಿಂದ ತರಿಸಿ ಬಿಟ್ಟ ಮೇಲೆ ಹತೋಟಿಗೆ ಬಂತು.

ಇನ್ನು ನಿಮ್ಮ ಮುಂದಿರುವ ದಾರಿಗಳು. ನನ್ನ ಸಲಹೆ, ಈ ವರ್ಷ ಹೊಸ ಗಿಡ ಕೊಳ್ಳದೆ ಹಳದಿಯೊಂದನ್ನೇ ತಾಯಿಯಾಗಿಟ್ಟುಕೊಂಡು ಉಳಿದ ಮೂರರ ಪರಾಗ ಹಾಕಿ ನೋಡುವುದು. ಖರ್ಚಿಲ್ಲ, ನಿಮ್ಮ ಗಿಡಗಳ ಗುಣ ನಿಮಗೆ ತಿಳಿಯುತ್ತದೆ. ಅಪಾಯ ಒಂದೇ: ಒಂದೇ ಗಿಡಕ್ಕೆ ಹತ್ತಾರು ಕಾಯಿ ಹೊರಿಸಿದರೆ ಅದು ಸೊರಗುತ್ತದೆ, ಕುಂಡದ ಗಿಡಕ್ಕೆ ನಾಲ್ಕೈದು ಕಾಯಿ ಸಾಕು. ಎರಡನೆಯ ದಾರಿ, ಕಾಯಿ ಕಟ್ಟುತ್ತದೆಂದು ಗೊತ್ತಿರುವ ಇನ್ನೊಂದು ತಾಯಿಗಿಡ ತರುವುದು. ನರ್ಸರಿಯಲ್ಲಿ ಹೂವಿನ ಅಂದ ಹೇಳುತ್ತಾರೆ, ಕಾಯಿಯ ಸಂಗತಿ ಹೇಳುವವರು ಕಡಿಮೆ. ಗಿಡ ಕೊಳ್ಳುವ ಮೊದಲು ಕೊಂಬೆಗಳಲ್ಲಿ ಹಳೆಯ ಒಣಗಿದ ಕಾಯಿ ಸಿಪ್ಪೆ ಇದೆಯೇ ಎಂದು ಹುಡುಕಿ. ಇದ್ದರೆ ಅದಕ್ಕಿಂತ ದೊಡ್ಡ ಶಿಫಾರಸು ಬೇಡ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ದಾಸವಾಳದ ತಳಿ ಕೆಲಸ ನಡೆದಿದೆ, ‘ಕ್ವೀನ್ ಆಫ್ ಹೆಸರಘಟ್ಟ’ ಎಂಬ ತಳಿಯೇ ಇದೆ. ನಮ್ಮ ಹವೆಯಲ್ಲಿ ಹುಟ್ಟಿ ಬೆಳೆದ ತಳಿಗಳು ಅಮೆರಿಕದ ಫ್ಲಾರಿಡಾದ ತಳಿಗಳಿಗಿಂತ ಕುಂಡದಲ್ಲಿ ಚೆನ್ನಾಗಿ ಬಾಳುತ್ತವೆ ಎಂಬುದು ನನ್ನ ಅನುಭವ.

ಮೂರನೆಯ ದಾರಿಯನ್ನು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ: ಗೊಬ್ಬರದ ಅಂಗಡಿಯಲ್ಲಿ ಸಿಗುವ, ಹೂ ಉದುರದಂತೆ ಸಿಂಪಡಿಸುವ ಎನ್‌ಎಎ ಹಾರ್ಮೋನು. ತೊಟ್ಟು ನಿಲ್ಲುತ್ತದೆ, ನಿಜ. ಗರ್ಭ ಕಟ್ಟದ ಕಾಯಿಯೂ ನಿಲ್ಲುತ್ತದೆ, ಮೂರು ತಿಂಗಳು ಕಾದು ಜಳ್ಳು ಎಣಿಸುತ್ತೀರಿ. ಪ್ರಮಾಣ ಸ್ವಲ್ಪ ಹೆಚ್ಚಾದರೆ ಎಲೆ ಸುರುಟುತ್ತದೆ. ಬೇಡ. ಅದೇ ಉತ್ಸಾಹದಲ್ಲಿ ರಂಜಕ ಹೆಚ್ಚಿರುವ ಡಿಎಪಿ ಗೊಬ್ಬರವನ್ನೂ ಸುರಿಯಬೇಡಿ. ರಂಜಕ ಹೆಚ್ಚಾದರೆ ದಾಸವಾಳದ ಎಲೆ ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತದೆ.

ಬೀಜ ಸಿಕ್ಕಿದ ಮೇಲಿನ ಕೆಲಸ ನಿಮಗೆ ಗೊತ್ತೇ ಇದೆ. ಒಂದು ಮಾತು ಮಾತ್ರ: ಸಿಪ್ಪೆ ಗಟ್ಟಿ, ಆದ್ದರಿಂದ ಚೂಪು ತುದಿಯನ್ನು ಮುಟ್ಟದೆ ದುಂಡಗಿನ ಕಡೆ ಉಗುರುಕತ್ತರಿಯಿಂದ ಸಣ್ಣಗೆ ಗೀರಿ, ರಾತ್ರಿ ನೀರಿನಲ್ಲಿ ನೆನೆಸಿ, ಕೋಕೋಪಿಟ್ಟಿನಲ್ಲಿ (ತೆಂಗಿನ ನಾರಿನ ಪುಡಿ) ಹಾಕಿ. ಅತಿ ನೀರು ಹಾಕಿದರೆ ಸಸಿ ಬುಡ ಕೊಳೆತು ಮಲಗುತ್ತದೆ.

ಹೂ ಕೀಳುವವರ ಪ್ರಶ್ನೆಗೆ ನನ್ನ ಬಳಿ ಒಂದು ಕತ್ತರಿಯ ಉಪಾಯವಿದೆ. ಕಾಯಿಗೆ ಎಸಳು ಬೇಕಿಲ್ಲ. ಪರಾಗ ಹಚ್ಚಿದ ಕೂಡಲೇ ಎಸಳುಗಳ ಮುಕ್ಕಾಲು ಭಾಗವನ್ನು ಕತ್ತರಿಸಿಬಿಡಿ, ಅವನ್ನೇ ದೇವರ ಮುಂದಿಡಿ. ಬುಡದಿಂದ ಎಳೆದು ಕೀಳಬೇಡಿ, ನಡುಗಂಬ ಎಸಳಿನ ಬುಡಕ್ಕೇ ಅಂಟಿಕೊಂಡಿರುವುದರಿಂದ ಅದೂ ಜೊತೆಗೆ ಬಂದುಬಿಡುತ್ತದೆ. ಬೋಳು ಹೂವನ್ನು ಯಾವ ಭಕ್ತರೂ ಕೀಳುವುದಿಲ್ಲ, ಸೂರಕ್ಕಿಯೂ ಅದರ ಹತ್ತಿರ ಹೆಚ್ಚು ಸುಳಿಯುವುದಿಲ್ಲ. ಆದರೆ ಇದು ಬೆಳಗ್ಗೆ ಎಂಟರ ಮಾತು, ಅವರು ಬರುವುದು ಐದೂವರೆಗೆ; ಅಷ್ಟರಲ್ಲಿ ಹೂವೇ ಹೋಗಿದ್ದರೆ? ಅದಕ್ಕೆ ತಾಯಿಗಿಡವನ್ನು ತಾರಸಿಯಲ್ಲೇ ಇಡಿ, ಕಾಂಪೌಂಡಿನ ಕೆಂಪನ್ನು ಅವರಿಗೆ ಬಿಟ್ಟುಕೊಡಿ. ಅದು ಹೇಗೂ ಕಾಯಿ ಕಟ್ಟುವುದಿಲ್ಲ, ದಿನಾ ಹೂ ಬಿಡುತ್ತದೆ, ಗಣಪತಿಗೂ ದೇವಿಗೂ ಬೇಕಾದದ್ದು ಕೆಂಪೇ. ಗೇಟಿನ ಬಳಿ ಅದರದೇ ಇನ್ನೆರಡು ಕಡ್ಡಿ ನೆಟ್ಟರೆ ಜಗಳವೇ ಇಲ್ಲ. ಹೈಬ್ರಿಡ್ ಹೂ ಪೂಜೆಗೆ ಸಲ್ಲುತ್ತದೆಯೇ ಎಂದು ಯಾರಾದರೂ ಕೇಳಿದರೆ ನಿಮ್ಮ ಪುರೋಹಿತರ ಕಡೆಗೆ ಕೈ ತೋರಿಸಿ, ನಾನು ಆ ವಿಷಯದ ತಜ್ಞನಲ್ಲ.

ನನಗೆ ನಿಜವಾಗಿ ಕಳವಳ ಹುಟ್ಟಿಸುವುದು ಬೇರೆ. ಕಿತ್ತುಕೊಂಡು ಹೋದ ಹೂ ಪೂಜೆಗಷ್ಟೇ ಹೋಗುವುದಿಲ್ಲ. ನಿಮ್ಮ ಕಡೆ ದಾಸವಾಳದ ಎಲೆಯನ್ನು ತಲೆಗೆ ಹಚ್ಚುತ್ತಾರೆ, ಹೂವನ್ನು ಎಣ್ಣೆಗೆ ಹಾಕಿ ಕಾಯಿಸುತ್ತಾರೆ, ತಂಬುಳಿ ಮಾಡುತ್ತಾರೆ, ದೋಸೆ ಹಿಟ್ಟಿಗೂ ರುಬ್ಬುತ್ತಾರೆ. ಹಿಟ್ಟು ತಿಗಣೆಗೆಂದು ಗಿಡದೊಳಗೇ ಹರಿಯುವ ಬಗೆಯ ಕೀಟನಾಶಕ ಹಾಕಿದ್ದರೆ ಅದು ಎಲೆ, ಹೂ, ಮಕರಂದ ಎಲ್ಲದರಲ್ಲೂ ಇರುತ್ತದೆ, ತೊಳೆದರೆ ಹೋಗುವುದಿಲ್ಲ. ಬೀದಿಗೆ ಚಾಚಿದ ಗಿಡಕ್ಕೆ ಅಂಥದನ್ನು ಹಾಕಲೇಬೇಡಿ. ನೀರನ್ನು ರಭಸವಾಗಿ ಹಾಯಿಸಿ ತಿಗಣೆಯನ್ನು ಉದುರಿಸಿ, ಮುತ್ತಿದ ಕೊಂಬೆ ಕತ್ತರಿಸಿ, ಬೇವಿನ ಎಣ್ಣೆಗೆ ಸ್ವಲ್ಪ ಸೋಪು ಸೇರಿಸಿ ಸಂಜೆ ಸಿಂಪಡಿಸಿ. ಇರುವೆಗಳನ್ನು ತಡೆದರೆ ಅರ್ಧ ಕೆಲಸ ಆಯಿತು, ತಿಗಣೆಯನ್ನು ಸಾಕುವವರು ಅವರೇ. ತಾರಸಿಯ ಕುಂಡಗಳಿಗೆ ಬೇರೇನಾದರೂ ಹಾಕಿದ ದಿನ ಪಕ್ಕದ ಮನೆಯವರಿಗೆ ತಿಳಿಸಿ. ಕುಂಡದ ಕೆಳಗಿನ ತಟ್ಟೆಯ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ, ಡೆಂಗಿಯ ಸೊಳ್ಳೆ ಬೆಳೆಯಲು ಒಂದು ವಾರ ಸಾಕು.

ತಾಯಿಯ ಹೆಸರು ಖಂಡಿತ ಇಡಬಹುದು. ಆತುರ ಮಾತ್ರ ಬೇಡ. ದಾಸವಾಳದಲ್ಲಿ ತಳಿ ಎಂದರೆ ಒಂದೇ ಗಿಡ ಮತ್ತು ಅದರಿಂದ ಕಡ್ಡಿ ಅಥವಾ ಕಸಿಯಲ್ಲಿ ಮಾಡಿದ ಮರಿಗಿಡಗಳು. ಆದ್ದರಿಂದ ಮೊದಲು ಕಸಿ ಕಟ್ಟಿ ಎರಡು ಮೂರು ಗಿಡ ಮಾಡಿ, ಕಸಿಯಲ್ಲೂ ಅದೇ ಹೂ ಬರುತ್ತದೆಯೇ, ಎರಡು ಬೇಸಿಗೆ ತಾಳುತ್ತದೆಯೇ ನೋಡಿ. ಆಮೇಲೆ ನೋಂದಾಯಿಸುವ ಮನಸ್ಸಿದ್ದರೆ ಈ ಬಗೆಯ ದಾಸವಾಳಗಳ ಹೆಸರುಗಳನ್ನು ಜಗತ್ತಿಗೆಲ್ಲ ದಾಖಲಿಸುವ ಹೊಣೆ ಆಸ್ಟ್ರೇಲಿಯನ್ ಹೈಬಿಸ್ಕಸ್ ಸೊಸೈಟಿಯದು. ಲ್ಯಾಟಿನ್ ಹೆಸರು ನಡೆಯುವುದಿಲ್ಲ, ಕನ್ನಡದ ಹೆಸರು ನಡೆಯುತ್ತದೆ, ಆದರೆ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಡಬೇಕು, ಬೇರೆ ದಾಸವಾಳಕ್ಕೆ ಅದೇ ಹೆಸರು ಇರಬಾರದು. ನಮ್ಮ ತಾಯಂದಿರ ಹೆಸರುಗಳು ಲಕ್ಷ್ಮಿ, ಸರಸ್ವತಿ ಎಂದೇ ಇರುವುದರಿಂದ ಊರಿನ ಅಥವಾ ಮನೆತನದ ಹೆಸರು ಸೇರಿಸಿ ಸಿದ್ಧವಾಗಿಟ್ಟುಕೊಳ್ಳಿ. ಈ ನೋಂದಣಿ ಹೆಸರಿಗಷ್ಟೇ. ನಿಮ್ಮ ಗಿಡವನ್ನು ಬೇರೆಯವರು ಬೆಳೆಸಿ ಮಾರದಂತೆ ತಡೆಯುವ ಹಕ್ಕು ಇದರಿಂದ ಬರುವುದಿಲ್ಲ. ಆ ಹಕ್ಕಿಗೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ದಾರಿಯಿದೆ. ಅದು ಉದ್ದದ ದಾರಿ. ಮಾರಾಟದ ಆಸೆಯಿಲ್ಲದ ಹವ್ಯಾಸಿಗೆ ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ.

ನವೆಂಬರ್‌ನಲ್ಲಿ ಕೂಡಿಸಿದ ಮೇಲೆ ಯಾವುದನ್ನು ತಾಯಿ ಮಾಡಿದಿರಿ, ಯಾವುದು ತಂದೆ, ಉದುರಿದ್ದು ಎಷ್ಟನೆಯ ದಿನ, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಮತ್ತೆ ಬರೆಯಿರಿ. ಉದುರಿದವುಗಳ ಲೆಕ್ಕವನ್ನೂ ಬಿಡಬೇಡಿ.